ಗನ್ ಫುಟ್‌ಬಾಲ್ ಮೈದಾನಕ್ಕೆ ಬೇಡ, ಕ್ಲಾಸಿಗೆ ಮಾತ್ರ ಯಾಕೆ?

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಇವತ್ತು ಅವರೆಕಾಯಿ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಬರೆದು ಇಟ್ಟಿದ್ದೆ. ಆಸ್ಟಿನ್ ಪಕ್ಕದ ಈ ಸುಣ್ಣಕಲ್ಲಿನ ಮಣ್ಣಿನಲ್ಲಿ ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿಸುವುದು ಹೇಗೆ, ನೀರು ಎಷ್ಟು ಹಾಕಬೇಕು, ಎಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಸುಮ್ನೆ ಇರಬಹುದಿತ್ತು. ಕಾಮೆಂಟ್ ಓದಿದೆ. ಅದೇ ತಪ್ಪಾಯಿತು.

ಹೋದ ವಾರದ ಎಪಿಸೋಡ್ ನೆನಪಿದೆ ಅಲ್ವಾ? ಎಂಎಸ್ ಮಾಡಲು ಟೆಕ್ಸಾಸಿಗೆ ಬರುವ ನಮ್ಮ ಹುಡುಗರು ಸೂಟ್‌ಕೇಸಿನಲ್ಲಿ ಏನೇನು ತರಬೇಕು ಅಂತ. ಮೂರು ಲೀಟರಿನ ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್, ಸಾರಿನ ಪುಡಿ, ಒಳ್ಳೆ ಚಪ್ಪಲಿ. ಮಧ್ಯದಲ್ಲಿ ಒಂದೇ ಒಂದು ಮಾತು ಹೇಳಿದ್ದೆ. ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಲೈಸೆನ್ಸ್ ಇದ್ದವರು ಪಿಸ್ತೂಲು ಬಚ್ಚಿಟ್ಟುಕೊಂಡು ಕ್ಲಾಸಿಗೆ ಬರಬಹುದು, ಗೊತ್ತಿರಲಿ, ನನಗಂತೂ ಅದು ಸರಿ ಕಾಣುವುದಿಲ್ಲ ಅಂತ. ಅಷ್ಟೆ. ಹತ್ತು ಸೆಕೆಂಡು ಕೂಡ ಇಲ್ಲ.

ಅದಕ್ಕೆ ಒಬ್ಬ ಮಹಾನುಭಾವರು ಬರೆದಿದ್ದಾರೆ. "ಬ್ರೋ, ನೀವು ಪುಕ್ಕಲು. ಒಳ್ಳೆಯವನ ಕೈಯಲ್ಲಿ ಗನ್ ಇದ್ದರೆ ಕೆಟ್ಟವನು ಹೆದರುತ್ತಾನೆ. ನೀವು ಉಪ್ಪಿನಕಾಯಿ ಬಗ್ಗೆ ಮಾತಾಡಿಕೊಂಡಿರಿ." ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಲೈಕ್ ಜಾಸ್ತಿ! ಉಪ್ಪಿನಕಾಯಿ ಬಗ್ಗೆ ನಾನು ಮಾತಾಡಿಯೇ ಇಲ್ಲ, ಕಸ್ಟಮ್ಸ್‌ನಲ್ಲಿ ಎಣ್ಣೆ ಸೋರುತ್ತೆ, ತರಬೇಡಿ ಅಂದಿದ್ದೆ. ವಿಡಿಯೋ ಪೂರ್ತಿ ನೋಡಿ ಸ್ವಾಮಿ.

ಸರಿ. ಪುಕ್ಕಲು ಅಂತಲೇ ಇಟ್ಟುಕೊಳ್ಳಿ. ನನ್ನದು ಒಂದೇ ಪ್ರಶ್ನೆ. ಇದು ಅಷ್ಟೊಂದು ಒಳ್ಳೆಯದಾಗಿದ್ದರೆ, ಬೇಕೋ ಬೇಡವೋ ಅಂತ ಕೇಳಿದಾಗ ಬೇಡ ಅಂದವರು ಯಾರು?

ಕ್ಲಾಸಿಗೆ ಗನ್ ತರಲು ಬಿಡುವ ಈ ಟೆಕ್ಸಾಸ್ ಕಾನೂನಿನ ಹೆಸರು ಸೆನೆಟ್ ಬಿಲ್ 11. 2015ರ ಜೂನ್‌ನಲ್ಲಿ ಗವರ್ನರ್ ಗ್ರೆಗ್ ಅಬಾಟ್ ಇದಕ್ಕೆ ಸಹಿ ಹಾಕಿದರು. ಎಲ್ಲಿ ಕೂತು? ಫ್ಲೂಗರ್‌ವಿಲ್ ಅನ್ನುವ ಊರಿನ ಶೂಟಿಂಗ್ ರೇಂಜಿನಲ್ಲಿ. ಕಾಲೇಜಿನ ಕಾನೂನಿಗೆ ಲೈಬ್ರರಿಯಲ್ಲಿ ಒಂದು ಕುರ್ಚಿ ಸಿಗಲಿಲ್ಲ ಪಾಪ. ಜಾರಿಗೆ ಬಂದಿದ್ದು 2016ರ ಆಗಸ್ಟ್ 1ಕ್ಕೆ. ಆ ದಿನಕ್ಕೆ ಸರಿಯಾಗಿ 50 ವರ್ಷದ ಹಿಂದೆ, 1966ರ ಆಗಸ್ಟ್ 1ರಂದು, ಇದೇ ಆಸ್ಟಿನ್ ಯೂನಿವರ್ಸಿಟಿಯ ಗೋಪುರದ ಮೇಲೆ ಚಾರ್ಲ್ಸ್ ವಿಟ್‌ಮನ್ ಅನ್ನುವ ವಿದ್ಯಾರ್ಥಿ ರೈಫಲ್ ಹಿಡಿದು ಕೂತು ಕೆಳಗೆ ಓಡಾಡುತ್ತಿದ್ದವರನ್ನು ಒಂದೂವರೆ ಗಂಟೆ ಕಾಲ ಗುಂಡಿಕ್ಕಿ ಕೊಂದಿದ್ದ. ತಿಥಿಯ ದಿನವೇ ಗೃಹಪ್ರವೇಶ. ನಮ್ಮಲ್ಲಾದರೆ ಪಂಚಾಂಗ ನೋಡುತ್ತಿದ್ದರು.

ಈಗ ಗಮನ ಕೊಟ್ಟು ಕೇಳಿ. ಈ ಕಾನೂನು ಸರ್ಕಾರಿ ಯೂನಿವರ್ಸಿಟಿಗಳಿಗೆ ಕಡ್ಡಾಯ. ಖಾಸಗಿಯವರಿಗೆ ಮಾತ್ರ ಆಯ್ಕೆ ಇತ್ತು. ನಿಮಗೆ ಬೇಡವಾದರೆ ಬೇಡ ಅನ್ನಿ ಅಂದರು. ಖಾಸಗಿಯವರು ಏನಂದರು? ರೈಸ್ ಯೂನಿವರ್ಸಿಟಿ ಬೇಡ ಅಂದಿತು. ಬೇಲರ್, ಪಕ್ಕಾ ಬ್ಯಾಪ್ಟಿಸ್ಟ್ ಕ್ರೈಸ್ತರ ಯೂನಿವರ್ಸಿಟಿ, ಬೇಡ ಅಂದಿತು. ಫೋರ್ಟ್ ವರ್ತ್‌ನ ಟಿಸಿಯು ಬೇಡ ಅಂದಿತು. ಡಲ್ಲಾಸಿನ ಎಸ್‌ಎಂಯು ಬೇಡ ಅಂದಿತು. ಎಸ್‌ಎಂಯು ಅಂದರೆ ಜಾರ್ಜ್ ಬುಷ್ ಅವರ ಲೈಬ್ರರಿ ಇರುವ ಜಾಗ. ಯಾವ ಬುಷ್? 1995ರಲ್ಲಿ ಗವರ್ನರ್ ಆಗಿದ್ದಾಗ ಟೆಕ್ಸಾಸಿನಲ್ಲಿ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಬಹುದು ಅನ್ನುವ ಕಾನೂನಿಗೆ ಸಹಿ ಹಾಕಿದ ಅದೇ ಬುಷ್. ಅವರ ಲೈಬ್ರರಿ ಇರುವ ಕ್ಯಾಂಪಸ್ಸೇ ನಮಗೆ ಬೇಡಪ್ಪಾ ಅಂದುಬಿಟ್ಟಿತು!

ಆ ವರ್ಷ ಹೂಂ ಅಂದ ಖಾಸಗಿ ಯೂನಿವರ್ಸಿಟಿ ಒಂದೇ ಒಂದು. ಆಂಬರ್ಟನ್ ಅಂತ, ಗಾರ್ಲೆಂಡ್‌ನಲ್ಲಿ. ಕೆಲಸಕ್ಕೆ ಹೋಗುವ ದೊಡ್ಡವರಿಗಾಗಿ ಇರುವ ಕಾಲೇಜು ಅದು. ಇಷ್ಟು ದೊಡ್ಡ ರಾಜ್ಯದಲ್ಲಿ ಒಂದು.

"ಹಾಗಾದರೆ ಲಿಬರ್ಟಿ ಯೂನಿವರ್ಸಿಟಿ?" ಅಂತ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಖಾಸಗಿ, ಗನ್‌ಗೆ ಅನುಮತಿ ಕೊಟ್ಟಿದೆ. ಅದು ವರ್ಜೀನಿಯಾ ಕಣ್ರೀ. ನಾನು ಟೆಕ್ಸಾಸಿನ ಮಾತಾಡುತ್ತಿದ್ದೇನೆ. ಮುಂದೆ.

ಇನ್ನೂ ಮಜಾ ಇದೆ. ಕ್ಲಾಸಿಗೆ ಪಿಸ್ತೂಲು ತರಬಹುದು, ಲೈಬ್ರರಿಗೆ ತರಬಹುದು. ಫುಟ್‌ಬಾಲ್ ಮ್ಯಾಚಿಗೆ? ಊಹೂಂ. ಟೆಕ್ಸಾಸಿನ ಕಾನೂನಿನಲ್ಲೇ ಕಾಲೇಜು ಮ್ಯಾಚ್ ನಡೆಯುವ ಜಾಗಕ್ಕೆ ಗನ್ ನಿಷೇಧ. ಆಸ್ಟಿನ್ ಸ್ಟೇಡಿಯಮ್ಮಿನಲ್ಲಿ ಸುಮಾರು ಒಂದು ಲಕ್ಷ ಜನ ಕೂರುತ್ತಾರೆ. ಒಳ್ಳೆಯವರ ಕೈಯಲ್ಲಿ ಗನ್ ಇದ್ದರೆ ಎಲ್ಲರೂ ಸೇಫ್ ಅನ್ನೋದು ನಿಜವಾದರೆ ಮೊದಲು ಅಲ್ಲಿ ಬಿಡಬೇಕಿತ್ತು ಅಲ್ವಾ? ಒಂದು ಲಕ್ಷ ಜನರನ್ನು ಸೇಫ್ ಮಾಡಬಹುದಿತ್ತು! ಅರ್ಕನ್ಸಾಸ್ ಕತೆ ಇದಕ್ಕಿಂತ ಚೆನ್ನ. 2017ರಲ್ಲಿ ಅವರೂ ಇಂಥದ್ದೇ ಕಾನೂನು ಮಾಡಿದರು. ಸ್ಟೇಡಿಯಂಗೂ ಸೇರಿಸಿಬಿಟ್ಟರು. ಎಸ್‌ಇಸಿ ಅಂತ ಫುಟ್‌ಬಾಲ್ ಲೀಗ್ ಇದೆಯಲ್ಲ, ಅವರು ಇದೇನ್ರೀ ಅಂದರು. ಕೆಲವೇ ದಿನಗಳಲ್ಲಿ ತಿದ್ದುಪಡಿ ಬಂತು, ಸ್ಟೇಡಿಯಂ ಹೊರಗಿಟ್ಟರು. ಮೇಷ್ಟ್ರುಗಳು ವರ್ಷಗಟ್ಟಲೆ ಬಾಯಿ ಬಡಿದುಕೊಂಡರೆ ಆಗದ್ದು ಫುಟ್‌ಬಾಲಿನವರು ಒಂದು ಸಲ ಕೆಮ್ಮಿದರೆ ಆಯಿತು.

ಆಯ್ಕೆ ಇದ್ದವರು ಬೇಡ ಅಂದರು. ಜೋರು ಇದ್ದವರು ಬೇಡ ಅಂದರು. ಉಳಿದವರು ಯಾರು? ನಾವು.

ನಾವು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2017ರಲ್ಲಿ ನಾನು ಟಿಎ, ಅಂದರೆ ಪ್ರೊಫೆಸರಿಗೆ ಪಾಠದಲ್ಲಿ, ಪೇಪರ್ ತಿದ್ದುವುದರಲ್ಲಿ ನೆರವಾಗುವ ವಿದ್ಯಾರ್ಥಿ. ಸರ್ಕಾರಿ ಯೂನಿವರ್ಸಿಟಿ, ಹೆಸರು ಬೇಡ. ನೆಲಮಾಳಿಗೆಯಲ್ಲಿ ಒಂದು ರೂಮು. ನಾಲ್ಕು ಟೇಬಲ್ಲು, ಆರು ಜನ ಟಿಎಗಳು, ಕಿಟಕಿ ಇಲ್ಲ. ಒಂದು ಮಧ್ಯಾಹ್ನ ನಾನೊಬ್ಬನೇ ಇದ್ದೆ, ಟಿಫಿನ್ ಡಬ್ಬಿಯಲ್ಲಿ ಚಿತ್ರಾನ್ನ, ಅರ್ಧ ತಿಂದಿದ್ದೆ. ಒಬ್ಬ ಹುಡುಗ ಬಂದ. ಮಿಡ್‌ಟರ್ಮ್‌ನಲ್ಲಿ 61 ಬಂದಿತ್ತು ಅವನಿಗೆ. ಬಾಗಿಲು ಮುಚ್ಚಿದ. ಕೂರಲಿಲ್ಲ. ಬಲಗೈ ಹೂಡಿ ಜಾಕೆಟ್ಟಿನ ಜೇಬಿನಲ್ಲಿ. "ಇದು ಸರಿಯಿಲ್ಲ" ಅಂದ. ನಾನು ಲೆಕ್ಕ ತೋರಿಸಲು ಹೊರಟೆ. ಅವನು ಪೇಪರ್ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾನೆ. ಆ ಕೈ ಜೇಬಿನಿಂದ ಈಚೆಗೆ ಬರುತ್ತಿಲ್ಲ. ನನಗೆ ಆ ಜೇಬು ಬಿಟ್ಟು ಬೇರೇನೂ ಕಾಣಿಸುತ್ತಿಲ್ಲ. ಫ್ಯಾನಿಲ್ಲದ ರೂಮು, ಎಸಿ ಸದ್ದು ಒಂದೇ. ಕೊನೆಗೆ ಕೈ ತೆಗೆದ. ನಾಲ್ಕು ಮಡಿಕೆ ಮಾಡಿದ ಉತ್ತರ ಪತ್ರಿಕೆ. ಅಷ್ಟೆ ಇದ್ದಿದ್ದು.

ನಾನು 6 ಅಂಕ ಕೊಟ್ಟುಬಿಟ್ಟೆ. ಅವನಿಗೆ ಆ 6 ಅಂಕ ಬರಬೇಕಿರಲಿಲ್ಲ. ಇವತ್ತಿಗೂ ಹೇಳುತ್ತೇನೆ, ಬರಬೇಕಿರಲಿಲ್ಲ.

ಆ ಹುಡುಗ ಒಳ್ಳೆಯವನೇ. ನಾಚಿಕೆ ಸ್ವಭಾವ ಇರಬೇಕು. ನನ್ನ ತಲೆಯಲ್ಲಿ ಆಗಿದ್ದು ಬೇರೆ. ಇದಕ್ಕೇ ನೋಡಿ, ಹ್ಯೂಸ್ಟನ್ ಯೂನಿವರ್ಸಿಟಿಯ ಮೇಷ್ಟ್ರುಗಳ ಸಭೆಯಲ್ಲಿ 2016ರಲ್ಲಿ ಒಂದು ಸ್ಲೈಡ್ ತೋರಿಸಿದ್ದರು. ಸೂಕ್ಷ್ಮ ವಿಷಯ ಮಾತಾಡುವಾಗ ಹುಷಾರು, ಬೇಕಾದರೆ ಕೆಲವು ಪಾಠ ಬಿಟ್ಟುಬಿಡಿ, ಹುಡುಗರಿಗೆ ಸಿಟ್ಟು ಬರುತ್ತಿದೆ ಅನ್ನಿಸಿದರೆ ಆ ಮಾತಿಗೆ ಹೋಗಬೇಡಿ, ಇಂಥ ಸಲಹೆಗಳು. ಯಾವ ಗುಂಡೂ ಹಾರುವ ಮೊದಲೇ ಪಾಠ ಬಿಟ್ಟುಬಿಡಿ ಅಂತ! ಆಸ್ಟಿನ್‌ನಲ್ಲಿ ಇನ್ನೊಂದು ನಿಯಮ ಮಾಡಿದರು. ಒಬ್ಬರೇ ಕೂರುವ ಸ್ವಂತ ಆಫೀಸು ಇದ್ದರೆ ನನ್ನ ರೂಮಿಗೆ ಗನ್ ತರಬೇಡಿ ಅನ್ನಬಹುದು. ಸ್ವಂತ ಆಫೀಸು ಯಾವ ಟಿಎಗೆ ಇರುತ್ತೆ? ಅಲ್ಲೂ ಅಷ್ಟೆ. ದೊಡ್ಡ ಪ್ರೊಫೆಸರಿಗೆ ಆಯ್ಕೆ, ನೆಲಮಾಳಿಗೆಯವನಿಗೆ ಇಲ್ಲ.

"ನೀವೂ ಒಂದು ಇಟ್ಟುಕೊಳ್ಳಿ" ಅಂತ ಇನ್ನೊಂದು ಕಾಮೆಂಟ್. ಆಹಾ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವಂತಿಲ್ಲ, ಅಮೆರಿಕದ ಕೇಂದ್ರ ಕಾನೂನು. ಬೇಟೆ ಲೈಸೆನ್ಸ್ ಅಂತ ಕೆಲವು ವಿನಾಯಿತಿ ಇವೆ, ಸರಿ. ಹಾಸನದಿಂದ ಡೇಟಾ ಸೈನ್ಸ್ ಓದಲು ಬಂದ ಹುಡುಗಿ ಮೊದಲು ಜಿಂಕೆ ಹೊಡೆಯಲು ಲೈಸೆನ್ಸ್ ಮಾಡಿಸಬೇಕಾ? ಹೇಳಿ.

ಒಂದು ನಿಮಿಷ. ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಮಾಡಿಬಿಡಿ. ಬೈಯಲು ಬಂದಿದ್ದರೂ ಪರವಾಗಿಲ್ಲ, ಸಬ್‌ಸ್ಕ್ರೈಬ್ ಮಾಡಿ ಬೈಯಿರಿ.

ಈಗ ದೊಡ್ಡ ವಾದಕ್ಕೆ ಬರೋಣ. ವರ್ಜೀನಿಯಾ ಟೆಕ್ ಯೂನಿವರ್ಸಿಟಿ. 2007ರ ಏಪ್ರಿಲ್ 16. ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ನಮ್ಮವರೂ ಇದ್ದರು ಅವರಲ್ಲಿ, ಪ್ರೊಫೆಸರ್ ಲೋಗನಾಥನ್ ಅವರು ಕ್ಲಾಸಿನಲ್ಲೇ ಹೋದರು. ಆ ಕ್ಲಾಸಿನಲ್ಲಿ ಒಬ್ಬನ ಹತ್ತಿರ ಗನ್ ಇದ್ದಿದ್ದರೆ ಅಂತ ಕೇಳುತ್ತಾರೆ. ಈ ಪ್ರಶ್ನೆಗೆ ನಾನು ನಗುವುದಿಲ್ಲ. ಮಕ್ಕಳನ್ನು ಕಳೆದುಕೊಂಡವರು ಕೇಳಿದರೆ ಅದು ಬೇರೆ. ಆದರೆ ಕಾಮೆಂಟಿನಲ್ಲಿ ಕೇಳುವವರಿಗೆ ಹೇಳುತ್ತೇನೆ. 2015ರ ಅಕ್ಟೋಬರ್‌ನಲ್ಲಿ ಆರೆಗನ್‌ನ ಅಂಪ್‌ಕ್ವಾ ಕಮ್ಯೂನಿಟಿ ಕಾಲೇಜಿನಲ್ಲಿ 9 ಜನ ಸತ್ತರು. ಅಲ್ಲಿ ಆ ದಿನ ಕ್ಯಾಂಪಸ್ಸಿನಲ್ಲಿ ಒಬ್ಬ ಮಾಜಿ ಸೈನಿಕನ ಹತ್ತಿರ ಗನ್ ಇತ್ತು. ಅವನು ಹೋಗಲಿಲ್ಲ. ಯಾಕೆ? ಪೊಲೀಸರು ಬಂದರೆ ಕೈಯಲ್ಲಿ ಗನ್ ಇರುವ ನಾನು ಕೊಲೆಗಾರನೋ ಕಾಪಾಡುವವನೋ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಅಂದ. ಬುದ್ಧಿವಂತ. ತರಬೇತಿ ಇದ್ದವನು ಹಾಗೇ ಯೋಚಿಸುತ್ತಾನೆ. ಕಳೆದ ವರ್ಷ, 2025ರ ಸೆಪ್ಟೆಂಬರ್ 10ರಂದು, ಯೂಟಾ ವ್ಯಾಲಿ ಯೂನಿವರ್ಸಿಟಿಯಲ್ಲಿ ಬಲಪಂಥೀಯ ರಾಜಕೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಅವರಿಗೆ ಗುಂಡು ಬಿತ್ತು. ಯೂಟಾದ ಸರ್ಕಾರಿ ಕ್ಯಾಂಪಸ್ಸುಗಳಲ್ಲಿ ಗನ್‌ಗೆ 2004ರಿಂದಲೇ ಅವಕಾಶ ಇದೆ. ಗುಂಡು ಬಂದಿದ್ದು ಮಾಳಿಗೆಯ ಮೇಲಿಂದ. ಸೊಂಟದಲ್ಲಿ ಬಚ್ಚಿಟ್ಟ ಪಿಸ್ತೂಲು ಅಲ್ಲಿ ಏನು ಮಾಡುತ್ತೆ?

1966ರಲ್ಲಿ ಆಸ್ಟಿನ್ ಗೋಪುರದ ಕೆಳಗಿಂದ ಜನರೂ ಗುಂಡು ಹಾರಿಸಿದ್ದರು, ವಿಟ್‌ಮನ್ ತಲೆ ಎತ್ತದ ಹಾಗೆ ಆಯಿತು ಅನ್ನುತ್ತಾರೆ. ಆಯಿತು, ಒಪ್ಪಿದೆ. ಆದರೆ ಮೇಲೆ ಹತ್ತಿ ಅವನನ್ನು ಮುಗಿಸಿದ ಪೊಲೀಸರು ಅದೇ ಗುಂಡುಗಳಿಂದ ತಪ್ಪಿಸಿಕೊಳ್ಳಲು ಬಗ್ಗಿಕೊಂಡು ಹೋಗಬೇಕಾಯಿತು, ಅದನ್ನೂ ಹೇಳಿ.

ಇನ್ನು ಇಡಾಹೋ. ಇದು ನನಗೆ ತುಂಬಾ ಇಷ್ಟದ ಕತೆ. 2014ರ ಜುಲೈನಲ್ಲಿ ಕಾನೂನು ಜಾರಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಪೊಕಟೆಲೊದಲ್ಲಿ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು, ಲೈಸೆನ್ಸ್ ಇದ್ದವರೇ, ಕ್ಲಾಸು ನಡೆಯುತ್ತಿರುವಾಗ ಹುಡುಗರ ಎದುರೇ ಪ್ಯಾಂಟಿನ ಜೇಬಿನಲ್ಲಿದ್ದ ಪಿಸ್ತೂಲು ಹಾರಿ ತಮ್ಮದೇ ಪಾದಕ್ಕೆ ಗುಂಡು ಹಾಕಿಕೊಂಡರು. ಎರಡು ತಿಂಗಳು ಸಾರ್! ಎರಡೇ ತಿಂಗಳು! ನಮ್ಮ ಪಿಯುಸಿ ಕೆಮಿಸ್ಟ್ರಿ ಮೇಷ್ಟ್ರಿಗೆ ಪಿಪೆಟ್ ಕೊಟ್ಟರೂ ಭಯ ಆಗುತ್ತಿತ್ತು, ಆ ಮಾತು ಇನ್ನೊಂದು ದಿನ.

ಪುಕ್ಕಲು ಅಂದರಲ್ಲ ನನಗೆ. ಟೆಕ್ಸಾಸ್ ಯೂನಿವರ್ಸಿಟಿಗಳ ಚಾನ್ಸಲರ್ ಆಗಿದ್ದ ವಿಲಿಯಂ ಮೆಕ್‌ರೇವನ್ ಕೂಡ ಇದು ಬೇಡ ಅಂತ ಶಾಸಕರಿಗೆ ಬರೆದಿದ್ದರು. ಯಾರು ಇವರು? ನೌಕಾಪಡೆಯ ಅಡ್ಮಿರಲ್. ಬಿನ್ ಲಾಡೆನ್ ಮನೆಗೆ ಕಮಾಂಡೋಗಳನ್ನು ಕಳಿಸಿದ ಕಾರ್ಯಾಚರಣೆ ನಡೆಸಿದವರು. ಹೇಳಿ, ಅವರೂ ಪುಕ್ಕಲಾ? ಬರೆಯಿರಿ ಕಾಮೆಂಟಿನಲ್ಲಿ, ಅಡ್ಮಿರಲ್ ಪುಕ್ಕಲು ಅಂತ. ಲೈಕ್ ನಾನೇ ಕೊಡುತ್ತೇನೆ.

ಮಡಿಕೇರಿಯಿಂದ ಒಬ್ಬರು ಬರೆದಿದ್ದಾರೆ, ಮರ್ಯಾದೆಯಿಂದಲೇ ಬರೆದಿದ್ದಾರೆ, ನಮ್ಮ ಕೊಡಗಿನಲ್ಲಿ ಮನೆಮನೆಯಲ್ಲಿ ಕೋವಿ ಇದೆ, ಲೈಸೆನ್ಸೂ ಬೇಡ, ಏನಾಗಿದೆ ಅಂತ. ಅಣ್ಣಾ, ನಿಜ. ಕೊಡವರಿಗೆ ಆ ವಿನಾಯಿತಿ ಇದೆ, 2029ರವರೆಗೆ ಕೇಂದ್ರ ಮುಂದುವರಿಸಿದೆ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡುತ್ತೀರಿ, ಪುತ್ತರಿಗೆ ಗದ್ದೆಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತೀರಿ. ನನ್ನ ರೂಮ್‌ಮೇಟ್ ವಿರಾಜಪೇಟೆಯವನು, ಅವನ ಮನೆಯಲ್ಲಿ ನೋಡಿದ್ದೇನೆ, ನಡುಮನೆಯ ಗೋಡೆಯ ಮೇಲೆ ಇತ್ತು, ಅವನ ತಾತನ ಫೋಟೋ ಪಕ್ಕ. ಆದರೆ ಆ ಕೋವಿ ಹೆಗಲಿಗೆ ಹಾಕಿಕೊಂಡು ಯಾರಾದರೂ ಡಿಗ್ರಿ ಕಾಲೇಜಿನ ಇಂಟರ್ನಲ್ಸ್ ಬರೆಯಲು ಹೋಗುತ್ತಾರಾ? ಹೋದರೆ ಮೊದಲು ಅವರ ಅಜ್ಜಿಯೇ ಬೈಯುತ್ತಾರೆ. ಗನ್ ಇರುವ ಜಾಗ ಬೇರೆ, ಅಂಕ ಕೊಡುವ ಜಾಗ ಬೇರೆ ಅಂತ ಗನ್ ಜೊತೆ ಬೆಳೆದವರಿಗೇ ಚೆನ್ನಾಗಿ ಗೊತ್ತು. ಅವರನ್ನೂ ಕೇಳಿ ನೋಡಿ! ಬೇಡ ಅಂತಲೇ ಅನ್ನುತ್ತಾರೆ!

ಯಾರನ್ನು ಕೇಳಿದರೂ ಬೇಡ. ರೈಸ್ ಬೇಡ. ಬೇಲರ್ ಬೇಡ. ಬುಷ್ ಲೈಬ್ರರಿ ಬೇಡ. ಅಡ್ಮಿರಲ್ ಬೇಡ. ಫುಟ್‌ಬಾಲ್ ಬೇಡ, ಬೇಡ, ಬೇಡ! ಬೇಕು ಅಂದವರು ಆಂಬರ್ಟನ್ ಮತ್ತು ನನ್ನ ಕಾಮೆಂಟ್ ಬಾಕ್ಸು.

ಸ್ಕ್ರಿಪ್ಟಿನಲ್ಲಿ ಇನ್ನೂ ಎರಡು ಪಾಯಿಂಟ್ ಇದ್ದವು. ಒಂದು ಮರೆತೆ. ಇನ್ನೊಂದು ಹಾಳೆಯ ಮೇಲೆ ಕಾಫಿ ಚೆಲ್ಲಿದೆ, "ಹಾಸ್ಟೆಲ್" ಅಂತ ಮಾತ್ರ ಕಾಣುತ್ತಿದೆ. ಬಿಡಿ. ಅಲ್ಲಿಗೆ ಕುಕ್ಕರ್ ಕೂಗಿತು, ಕೇಳಿಸಿತಾ? ಎರಡನೇ ವಿಷಲ್. ಮೂರಕ್ಕೆ ಇಳಿಸಬೇಕು.

ಅವರೆಕಾಯಿ ಎಪಿಸೋಡ್ ಮುಂದಿನ ವಾರ ಖಂಡಿತ. ಬಳ್ಳಿ ಚೆನ್ನಾಗಿ ಬಂದಿತ್ತು, ಹೂವೂ ಬಿಟ್ಟಿತ್ತು, ನಿನ್ನೆ ರಾತ್ರಿ ಜಿಂಕೆ ಬಂದು ಅರ್ಧ ಮೇದುಕೊಂಡು ಹೋಗಿದೆ. ಇಲ್ಲಿ ಬೀದಿನಾಯಿಗಿಂತ ಜಿಂಕೆ ಕಾಟ ಜಾಸ್ತಿ. ಬೇಲಿ ಹೇಗೆ ಕಟ್ಟಬೇಕು ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ. ಅದಕ್ಕೂ ಒಂದು ಗನ್ ತಗೊಳ್ಳಿ ಬ್ರೋ ಅಂತ ಬರೆದರೆ ಬ್ಲಾಕ್ ಮಾಡುತ್ತೇನೆ, ಹೇಳಿದ್ದೇನೆ. ಮೂರನೇ ವಿಷಲ್ ಬಂತು, ಬರಲಾ.