ಅಯಸ್ಕಾಂತ ತೆಗೆದ ಮೇಲೆ ಶುರುವಾಗುವ ಓಟ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡಬೇಕೆಂದಿರುವುದು ಸ್ಲಾಟ್ ಕಾರುಗಳ ಬಗ್ಗೆ. ಇವು ಅಂಗೈ ಮೇಲೆ ಕೂರುವ ಪುಟ್ಟ ರೇಸ್ ಕಾರುಗಳು. ಹೆಚ್ಚಿನವು ನಿಜವಾದ ಕಾರಿನ 32ರಲ್ಲಿ ಒಂದು ಪಾಲಿನಷ್ಟು ಉದ್ದ. ಟ್ರ್ಯಾಕಿನ ಉದ್ದಕ್ಕೂ ಒಂದೊಂದು ಕಾರಿಗೆ ಒಂದೊಂದು ಸೀಳು ಇರುತ್ತದೆ, ಆ ದಾರಿಗೆ ಲೇನ್ ಅನ್ನುತ್ತಾರೆ. ಕಾರಿನ ಮೂತಿಯ ಕೆಳಗಿರುವ ಗೈಡ್ ತನ್ನ ಸೀಳಿನೊಳಗೆ ಇಳಿದು ಕೂರುತ್ತದೆ. ಸೀಳಿನ ಎರಡೂ ಬದಿಗೆ ಲೋಹದ ಪಟ್ಟಿ, ಅದರಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಕರೆಂಟು. ನಮ್ಮ ಕೈಯಲ್ಲಿರುವ ಕಂಟ್ರೋಲರಿನಲ್ಲಿ ಒಂದೇ ಒಂದು ಟ್ರಿಗರ್, ಒತ್ತಿದಷ್ಟೂ ವೇಗ. ಸ್ಟೀರಿಂಗ್ ಇಲ್ಲವೇ ಇಲ್ಲ. ತಿರುವಿನಲ್ಲಿ ಜೋರಾಗಿ ಹೋದರೆ ಕಾರು ಸೀಳಿನಿಂದ ಎದ್ದು ಆಚೆ ಬೀಳುತ್ತದೆ.

ಈ ಆಟವನ್ನು ಮನೆಮನೆಗೆ ತಂದವರಲ್ಲಿ ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್ ಹೆಸರು ದೊಡ್ಡದು. ಅವರ ಮಿನಿಮಾಡೆಲ್ಸ್ ಕಂಪನಿ ಮೊದಲು ಸ್ಪ್ರಿಂಗಿನಿಂದ ಓಡುವ ತಗಡಿನ ಕಾರುಗಳನ್ನು ಮಾಡುತ್ತಿತ್ತು. ಅಂಥ ಕಾರಿಗೇ ವಿದ್ಯುತ್ ಮೋಟಾರು ಕೂರಿಸಿ, 1957ರಲ್ಲಿ ಹ್ಯಾರೋಗೇಟ್ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಲ್ಲಿ ತೋರಿಸಿದರು. 1960ರ ದಶಕದಲ್ಲಿ ಅಮೆರಿಕದಲ್ಲಂತೂ ಗಂಟೆಗಿಷ್ಟು ದುಡ್ಡು ಕೊಟ್ಟು ಕಾರು ಓಡಿಸುವ ದೊಡ್ಡ ದೊಡ್ಡ ಕೇಂದ್ರಗಳೇ ಎದ್ದವು. ಆ ಭರಾಟೆ ಅದೇ ದಶಕದ ಕೊನೆಗೆ ಇಳಿಯಿತು. ಆದರೆ ಕ್ಲಬ್ಬುಗಳು ಉಳಿದುಕೊಂಡವು.

ಈಗ ಅಂಗಡಿಯಿಂದ ತಂದ ಹೊಸ ಕಾರನ್ನು ಮಗುಚಿ ನೋಡಿ. ಹೆಚ್ಚಿನವುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಅದು ಟ್ರ್ಯಾಕಿನ ಉಕ್ಕಿನ ಪಟ್ಟಿಗೆ ಕಾರನ್ನು ಎಳೆದು ಹಿಡಿಯುತ್ತದೆ. ಮಕ್ಕಳಿಗೆ ಇದು ಒಳ್ಳೆಯದೇ, ಕಾರು ಸುಲಭಕ್ಕೆ ಬೀಳುವುದಿಲ್ಲ. ಆದರೆ ನನ್ನನ್ನು ಕೇಳಿದರೆ, ಅದನ್ನು ತೆಗೆದ ಮೇಲೇ ನಿಜವಾದ ಓಟ. ಅಯಸ್ಕಾಂತ ಇದ್ದಾಗ ಕಾರು ಅಂಟಿಕೊಂಡೇ ಓಡುತ್ತದೆ, ಹಿಡಿತ ತಪ್ಪಿತೋ ಒಮ್ಮೆಗೇ ಹಾರಿಹೋಗುತ್ತದೆ. ಅದಿಲ್ಲದಿದ್ದರೆ ಹಿಂಬದಿ ಮೆಲ್ಲಗೆ ಜಾರುವುದು ಕಣ್ಣಿಗೆ ಕಾಣುತ್ತದೆ. ಬೆರಳು ಸಡಿಲಿಸಲು ಒಂದು ಕ್ಷಣ ಸಿಗುತ್ತದೆ. ಎಷ್ಟೋ ಕ್ಲಬ್ಬುಗಳು ಮರದ ಹಲಗೆಯ ಟ್ರ್ಯಾಕಿನ ಮೇಲೆ ತಾಮ್ರದ ಟೇಪು ಅಂಟಿಸುತ್ತವೆ. ತಾಮ್ರಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಅಲ್ವಾ? ಅಲ್ಲಿ ಕಾರಿಗೆ ಟೈರೇ ಗತಿ.

ಹೊಸಬರು ಮೊದಲು ಜಾಸ್ತಿ ಜೋರಿನ ಮೋಟಾರು ಹುಡುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಧಾರಣ ಮೋಟಾರೇ ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವುದೇ ಕಷ್ಟದ ಕೆಲಸ.

ಹೊಸ ಟೈರು ನೋಡಲು ಗುಂಡಗಿದ್ದರೂ ನಿಜಕ್ಕೂ ಗುಂಡಗಿರುವುದಿಲ್ಲ. ರಿಮ್ಮಿನ ಮೇಲೆ ಎಲ್ಲೋ ಒಂದು ಕಡೆ ಉಬ್ಬಿರುತ್ತದೆ. ಓಡುವಾಗ ಕಾರು ಕುಣಿಯುವುದು ಅದಕ್ಕೇ. ಮೊದಲು ಟೈರನ್ನು ರಿಮ್ಮಿಗೆ ಅಂಟಿನಿಂದ ಭದ್ರ ಮಾಡಬೇಕು. ಆಮೇಲೆ ಸಮತಟ್ಟಾದ ಹಲಗೆಗೆ ಸ್ಯಾಂಡ್ ಪೇಪರ್ ಅಂಟಿಸಿ, ಕಡಿಮೆ ವೋಲ್ಟಿನಲ್ಲಿ ಮೋಟಾರು ಓಡಿಸುತ್ತಾ ಹಿಂದಿನ ಚಕ್ರಗಳನ್ನು ಅದರ ಮೇಲೆ ಹಗುರವಾಗಿ ಇಡಬೇಕು. ಒತ್ತಬಾರದು. ಮೋಟಾರು ಬಿಸಿಯಾದರೆ ನಿಲ್ಲಿಸಿ, ಆರಲು ಬಿಡಿ. ಟೈರಿನ ಹೊಳಪು ಅಗಲಕ್ಕೂ ಒಂದೇ ಸಮನಾಗಿ ಹೋದಾಗ ಕೆಲಸ ಮುಗಿದಂತೆ. ಹೊರ ಅಂಚನ್ನು ಮಾತ್ರ ಸ್ವಲ್ಪ ದುಂಡಗೆ ಮಾಡಿ. ಚೂಪಾಗಿದ್ದರೆ ಅದು ತಿರುವಿನಲ್ಲಿ ಕಚ್ಚಿಕೊಂಡು ಕಾರನ್ನೇ ಉರುಳಿಸುತ್ತದೆ. ಪ್ರತಿ ಓಟಕ್ಕೂ ಮುಂಚೆ ಟೈರನ್ನು ಅಂಟು ಟೇಪಿನ ಮೇಲೆ ಉರುಳಿಸಿದರೆ ಧೂಳು ಬಿಡುತ್ತದೆ. ಇಷ್ಟು ಮಾಡಿದ ಕಾರಿನ ಸದ್ದೇ ಬೇರೆ. ಕಿವಿಗೇ ಗೊತ್ತಾಗುತ್ತದೆ.

ಮೋಟಾರಿಗೆ ಕರೆಂಟು ಒಯ್ಯುವುದು ಗೈಡಿನ ಎರಡು ಪುಟ್ಟ ಬ್ರೇಡುಗಳು, ಹೆಣೆದ ತಾಮ್ರದ ಎಳೆಗಳು. ಅವು ಪಟ್ಟಿಯನ್ನು ಮಟ್ಟಸವಾಗಿ ಸವರಬೇಕು. ಜಾಸ್ತಿ ಬಾಗಿಸಿದರೆ ಮೂತಿಯೇ ಮೇಲೆದ್ದು ಗೈಡ್ ಸೀಳಿನಿಂದ ಹೊರಬರುತ್ತದೆ. ಇನ್ನು ಬಾಡಿ ಹಿಡಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ಚಾಸಿಯ, ಅಂದರೆ ಕೆಳಗಿನ ಚೌಕಟ್ಟಿನ, ನಡುಕ ಬಾಡಿಗೆ ಅಷ್ಟಾಗಿ ತಲುಪುವುದಿಲ್ಲ, ಕಾರು ತಿರುವಿನಲ್ಲಿ ಶಾಂತವಾಗುತ್ತದೆ. ಒಂದು ಸ್ಕ್ರೂ ಡ್ರೈವರಿನಿಂದ ಇಷ್ಟು ಲಾಭ ಸಿಗುವ ಕೆಲಸ ಇನ್ನೊಂದಿಲ್ಲ.

ಬ್ರೇಕಿನ ವಿಷಯ ನನಗೆ ಬಹಳ ಇಷ್ಟ. ಕಾರಿನಲ್ಲಿ ಬ್ರೇಕ್ ಎಂಬ ಬಿಡಿಭಾಗವೇ ಇಲ್ಲ. ಟ್ರಿಗರ್ ಬಿಟ್ಟಾಗ ಕಂಟ್ರೋಲರ್ ಎರಡೂ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸುತ್ತದೆ. ಇನ್ನೂ ತಿರುಗುತ್ತಿರುವ ಮೋಟಾರು ಆಗ ಡೈನಮೋ ಆಗುತ್ತದೆ. ತಾನು ಹುಟ್ಟಿಸಿದ ಕರೆಂಟೇ ತನ್ನನ್ನು ತಡೆಯುತ್ತದೆ. ಒಳ್ಳೆಯ ಕಂಟ್ರೋಲರಿನಲ್ಲಿ ಈ ತಡೆಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಗುಂಡಿ ಇರುತ್ತದೆ. ಹಾಗಾಗಿ ನೇರ ದಾರಿಯಲ್ಲಿ ಟ್ರಿಗರನ್ನು ಎಷ್ಟು ಒತ್ತಿದಿರಿ ಎನ್ನುವುದಕ್ಕಿಂತ, ತಿರುವಿನ ಮುಂಚೆ ಯಾವಾಗ ಬಿಟ್ಟಿರಿ ಎನ್ನುವುದೇ ಲ್ಯಾಪಿನ ಸಮಯವನ್ನು ತೀರ್ಮಾನಿಸುತ್ತದೆ.

ಕ್ಲಬ್ ರೇಸಿನಲ್ಲಿ ಸಾಮಾನ್ಯವಾಗಿ ಎಲ್ಲರೂ ಎಲ್ಲ ಲೇನಿನಲ್ಲೂ ಸರದಿಯಂತೆ ಓಡಿಸುತ್ತಾರೆ. ಒಳಗಿನ ಲೇನಿನ ತಿರುವು ಬಿಗಿ, ಹೊರಗಿನದು ಸಲೀಸು. ಹಾಗಾಗಿ ಇದೇ ನ್ಯಾಯ. ಸರದಿ ಇಲ್ಲದವರು ತಿರುವುಗಳ ಹತ್ತಿರ ನಿಂತು, ಬಿದ್ದ ಕಾರುಗಳನ್ನು ಎತ್ತಿ ಮತ್ತೆ ಸೀಳಿಗೆ ಇಡುತ್ತಾರೆ. ಅವರಿಗೆ ಮಾರ್ಷಲ್ ಅನ್ನುತ್ತಾರೆ. ಈಗಷ್ಟೇ ನಿಮ್ಮನ್ನು ಸೋಲಿಸಿದವರೇ ನಿಮ್ಮ ಕಾರನ್ನು ಓಡಿಬಂದು ಎತ್ತಿ ಇಡುತ್ತಾರೆ. ಹತ್ತಿರ ಎಲ್ಲಾದರೂ ಇಂಥ ಕ್ಲಬ್ ಇದ್ದರೆ, ಕಾರು ಕೊಳ್ಳುವ ಮುಂಚೆ ಒಂದು ಸಂಜೆ ಮಾರ್ಷಲ್ ಆಗಿ ನಿಲ್ಲಿ. ಯಾವ ಕಾರು ಎಲ್ಲಿ ಬೀಳುತ್ತದೆ, ಯಾಕೆ ಬೀಳುತ್ತದೆ ಎನ್ನುವುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ನಮಸ್ಕಾರ.