ಕೊಡೈ ಬೋರ್ಡಿಂಗಿಗೆ ಟ್ರಂಕು ಕಟ್ಟೋದು

ಒಡಿಶಾದ ಕೋರಾಪುಟ್‌ನಲ್ಲಿ ಬೆಳಗ್ಗಿಂದ ಜಡಿಮಳೆ, ಅದಕ್ಕೇ ಮಗು ಕೊಡೈಕನಾಲ್ ಬೋರ್ಡಿಂಗ್ ಶಾಲೆಗೆ ಒಯ್ಯೋ ಸಾಮಾನೆಲ್ಲಾ ಹಾಲ್‌ನಲ್ಲೇ ಹರಡಿರೋದು. ಟ್ರಂಕಿನ ಎತ್ತರ ಗಮನಿಸಿ. ರೈಲಿನ ಸ್ಲೀಪರ್ ಬೋಗಿಗೆ 100 ಸೆಂ.ಮೀ. ಉದ್ದ, 60 ಅಗಲ, 25 ಎತ್ತರ, ಅಷ್ಟೇ ಮಿತಿ. ಥರ್ಡ್ ಎಸಿಯಲ್ಲಿ 55, 45, 22.5. ಅದಕ್ಕಿಂತ ದೊಡ್ಡದಾದ್ರೆ ಬ್ರೇಕ್‌ವ್ಯಾನಿಗೆ, ಅಂದ್ರೆ ಸಾಮಾನಿನ ಬೋಗಿಗೆ, ಹಾಕಬೇಕು. ಟಿಕೆಟ್ 60 ದಿನ ಮುಂಚೆ ಓಪನ್ ಆಗುತ್ತೆ, ಶಾಲೆ ಶುರುವಾಗೋ ದಿನ ಗೊತ್ತಾದ ತಕ್ಷಣ ಲೆಕ್ಕ ಹಾಕಿ.

ಈಗ ಬಟ್ಟೆಗೆ ಹೊಲಿಯೋ ಹೆಸರಿನ ಪಟ್ಟಿ. ಅಬ್ಬಾ, ತಲೆನೋವಿನ ಕೆಲಸ ಅಂದ್ರೆ ಇದೇ! 6 ಅಂಗಿ, 4 ಪ್ಯಾಂಟ್, 10 ಒಳಬಟ್ಟೆ, 3 ಟವೆಲ್, 4 ಬೆಡ್‌ಶೀಟ್, 2 ಸ್ವೆಟರ್. ಸಾಕ್ಸ್ 8 ಜೊತೆ ಅಂದ್ರೆ 16 ಪಟ್ಟಿ, ಯಾಕಂದ್ರೆ ಕಳೆದುಹೋಗೋದು ಯಾವಾಗ್ಲೂ ಒಂಟಿ ಸಾಕ್ಸೇ. ಒಟ್ಟು 45. ಮಾರ್ಕರ್‌ನಲ್ಲಿ ನೇರ ಬಟ್ಟೆ ಮೇಲೆ ಬರೆದ್ರೆ ಸಾಕು ಅನ್ನೋರ ಮಾತು ಕೇಳಬೇಡಿ. ಹಾಸ್ಟೆಲ್ ಬಟ್ಟೆನ ಸೋಡಾ ಹಾಕಿ ಬಿಸಿನೀರಲ್ಲಿ ಒಗೀತಾರೆ, ಕೆಲವೇ ವಾರದಲ್ಲಿ ಅಕ್ಷರ ಮಾಸಿ ಹೋಗುತ್ತೆ. ಅರ್ಧ ಇಂಚಿನ ಬಿಳಿ ಲಾಡಿ ತಗೊಳ್ಳಿ, ಹೆಸರು, ನಂಬರ್ ಎರಡನ್ನೂ ದಾರದಲ್ಲಿ ಹೊಲೀರಿ. ಅಂಗಿಗೆ ಕಾಲರ್ ಒಳಗಡೆ, ನಾಲ್ಕೂ ಅಂಚು. ಬರೀ ಎರಡು ತುದಿ ಹೊಲಿದ್ರೆ ಮಧ್ಯೆ ಸಿಕ್ಕಿ ಹರಿಯುತ್ತೆ. ಸಾಕ್ಸಿಗೆ ಮಾತ್ರ ಉಲ್ಟಾ: ಪಟ್ಟಿ ಮಡಚಿ ಒಂದೇ ತುದಿ ಹೊಲೀಬೇಕು, ಇಲ್ಲಾಂದ್ರೆ ಎಲಾಸ್ಟಿಕ್ ಹಿಗ್ಗಿದಾಗ ದಾರ ಪಟ್ಟಂತ ಕಿತ್ತು ಬರುತ್ತೆ.

ಇಷ್ಟೆಲ್ಲಾ ಕಷ್ಟಪಟ್ಟು ಮಕ್ಕಳನ್ನ ದೂರ ಕಳಿಸ್ಬೇಕಾ ಅಂತ ಕೇಳ್ತೀರಿ. ಆರೇಳು ವರ್ಷದ ಮಗುವನ್ನ ಖಂಡಿತ ಬೇಡ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ನಿನ ಮಿಷನರಿ ಹರ್ಮನ್ ಗುಂಡರ್ಟ್ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ್ದು. ಪುಟ್ಟ ಮಗುವಾಗಿದ್ದಾಗಲೇ ಯುರೋಪಲ್ಲಿ ಬಿಟ್ಟು ಬಂದ್ರು, ಅಪ್ಪ-ಅಮ್ಮನ ಹತ್ರ ವಾಪಸ್ ಬಂದಿದ್ದು 1857ರಲ್ಲಿ! ಆ ತಾಯಿ ಹೇಗೆ ತಡ್ಕೊಂಡ್ರೋ. ಅಮೆರಿಕನ್ ಮಿಷನರಿಗಳು 1901ರಲ್ಲಿ ಕೊಡೈನಲ್ಲೇ ಶಾಲೆ ತೆರೆದಿದ್ದು ಎಷ್ಟೋ ಮೇಲು. ಹನ್ನೊಂದು-ಹನ್ನೆರಡು ಆದ್ಮೇಲೆ, ಅಪ್ಪ-ಅಮ್ಮ ಸೇವೆಯಲ್ಲಿರೋ ಊರಲ್ಲಿ ಹೈಸ್ಕೂಲ್ ಇಲ್ಲದಿದ್ರೆ, ಸರಿ. ಸರಿ ಅಂದ್ನಾ? ಮಗುವೂ ಒಪ್ಪಿದ್ರೆ ಸರಿ.

ಇನ್ನು ಭಾಷೆ. ಇಲ್ಲಿ ಗೆಳೆಯರ ಜೊತೆ ಈ ಕಡೆಯ ಆಡುಮಾತು ದೇಸಿಯಾ, ಶಾಲೇಲಿ ಒಡಿಯಾ, ಮನೇಲಿ ಕನ್ನಡ. ಬೋರ್ಡಿಂಗಲ್ಲಿ ಇಂಗ್ಲಿಷು, ತಮಿಳು. ಮೊದಲು ಸೊರಗೋದು ಕನ್ನಡವೇ, ಅಲ್ಲಿ ಮಾತಾಡೋಕೆ ಯಾರೂ ಇರಲ್ಲ. ಅಜ್ಜಿಗೆ ಕನ್ನಡದಲ್ಲಿ ಭಾನುವಾರದ ಕಾಗದ ಬರೀಲಿ ಅಂತ ಇನ್‌ಲ್ಯಾಂಡ್ ಲೆಟರ್ ಇಡಿ, ಪಿನ್‌ಕೋಡ್ ಸಮೇತ ವಿಳಾಸ ನೀವೇ ಬರೆದು. ಫೋನ್ ದಿನಾ ಬೇಕು ಅಂತಿದ್ದೆ ನಾನು. ಈಗ ಹಾಗನ್ನಲ್ಲ, ಮೊದಲ ತಿಂಗಳು ದಿನಾ ಮನೆ ದನಿ ಕೇಳಿದ್ರೆ ಮಗು ಹಾಸ್ಟೆಲಿಗೆ ಹೊಂದ್ಕೊಳ್ಳೋದೇ ತಡ ಆಗುತ್ತೆ.

ಅಯ್ಯೋ, ಟ್ರಂಕು ಮುಚ್ತಾ ಇದಾರೆ! ಸ್ವೆಟರ್ ಮೇಲೇ ಇರ್ಲಿ, ಬೆಟ್ಟದ ಕೆಳಗೆ ಕೊಡೈ ರೋಡ್ ಸ್ಟೇಷನ್ನಲ್ಲಿ ಸೆಕೆ, ಮೇಲೆ ಹೋದ್ರೆ ನಡುಕ. ಘಾಟಿ ತಿರುವಲ್ಲಿ ವಾಂತಿ ಬರುತ್ತೆ, ಹತ್ತೋ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ. ಬೀಗದ ಎರಡನೇ ಕೀ ವಾರ್ಡನ್ ಕೈಗೆ ಕೊಡಿ.