ಬೇಸ್ ನುಡಿಸುವವರ ಜಗಳಗಳು ಮತ್ತು ಸ್ವರ ನಿಲ್ಲಿಸುವ ಕೆಲಸ

ನಮಸ್ಕಾರ. ಇಲ್ಲಿ ಬೇಸ್ ಗಿಟಾರ್ ನುಡಿಸುವವರು ಎಷ್ಟು ಜನ, ಸ್ವಲ್ಪ ಕೈ ಎತ್ತಿ. ಸರಿ. ಅದರಲ್ಲಿ ಮೊದಲು ಗಿಟಾರ್ ನುಡಿಸುತ್ತಿದ್ದು, ಬ್ಯಾಂಡಿನಲ್ಲಿ ಬೇಸ್‌ಗೆ ಯಾರೂ ಸಿಗಲಿಲ್ಲ ಅಂತ ಈ ಕಡೆ ಬಂದವರು? ನೋಡಿ, ಹೆಚ್ಚು ಕೈ ಇಳಿಯಲೇ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಪಾಲ್ ಮೆಕಾರ್ಟ್ನಿ ಕೂಡ ಹಾಗೇ ಬಂದವರು. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬ್ಯಾಂಡ್ ಬಿಟ್ಟಾಗ ಆ ಕೆಲಸ ಇವರ ಕೊರಳಿಗೆ ಬಿತ್ತು. ಕ್ಯಾರಲ್ ಕೇ ಲಾಸ್ ಏಂಜಲೀಸಿನಲ್ಲಿ ಗಿಟಾರ್ ನುಡಿಸುತ್ತಿದ್ದವರು. 1963ರಲ್ಲಿ ಒಂದು ರೆಕಾರ್ಡಿಂಗ್‌ಗೆ ಬೇಸ್ ನುಡಿಸುವವರು ಬರಲಿಲ್ಲ, ಇವರು ಕೂತರು, ಆಮೇಲೆ ಆ ಊರಿನ ಸ್ಟುಡಿಯೋಗಳು ಇವರನ್ನು ಬಿಡಲೇ ಇಲ್ಲ.

ನಾವು ಬೇಸ್‌ನವರು ನಾಲ್ಕು ಜನ ಸೇರಿದರೆ ಏನು ಮಾತಾಡುತ್ತೇವೆ ಅಂತ ನಿಮಗೆ ಗೊತ್ತು. ಮೀಟುವುದು ಬೆರಳಿಂದಲೋ, ಪ್ಲಾಸ್ಟಿಕ್ ಪಿಕ್ಕಿಂದಲೋ? ನಾಲ್ಕು ತಂತಿಯೋ ಐದೋ? ಫೆಂಡರ್ ಕಂಪನಿಯ ಎರಡು ಮಾಡೆಲ್‌ಗಳಲ್ಲಿ ಪ್ರೆಸಿಷನ್ನೋ ಜಾಝೋ? ಬಾಡಿ ಯಾವ ಮರದ್ದು? ಕಾಫಿ ಆರಿ ತಣ್ಣಗಾಗುತ್ತದೆ, ಜಗಳ ಮುಗಿಯುವುದಿಲ್ಲ. ನನಗೂ ಈ ಜಗಳಗಳು ಇಷ್ಟವೇ. ಆದರೆ ಒಂದು ವಿಷಯ ಗಮನಿಸಿ. ಇವೆಲ್ಲ ಸ್ವರ ಹೇಗೆ ಶುರುವಾಗುತ್ತದೆ, ಅದರ ಬಣ್ಣ ಏನು ಅನ್ನುವುದರ ಬಗ್ಗೆ. ಸ್ವರ ಎಲ್ಲಿ ನಿಲ್ಲಬೇಕು ಅಂತ ಯಾರೂ ಜಗಳ ಆಡುವುದಿಲ್ಲ. ಬ್ಯಾಂಡ್ ಚೆನ್ನಾಗಿ ಕೇಳಿಸುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆಗುವುದು ಅಲ್ಲೇ ಅಂತ ನನ್ನ ಅಭಿಪ್ರಾಯ. ಒಪ್ಪಬೇಕು ಅಂತೇನಿಲ್ಲ, ಮೊದಲು ಕೇಳಿ ನೋಡಿ.

ಇದು ಇ ತಂತಿ, ನಾಲ್ಕರಲ್ಲಿ ದಪ್ಪದ್ದು. ಮೂರನೇ ಫ್ರೆಟ್, ಅಂದರೆ ನೆಕ್ ಮೇಲಿನ ಮೂರನೇ ಲೋಹದ ಪಟ್ಟಿ. ಜಿ ಸ್ವರ. ಹೀಗೆ ಮೀಟಿ ಸುಮ್ನೆ ಬಿಟ್ಟರೆ ಗುಂಯ್ ಅಂತ ಹೋಗುತ್ತಲೇ ಇರುತ್ತದೆ. ಡ್ರಮ್ಮರ್ ಸ್ನೇರ್, ಅಂದರೆ ಟಪ್ ಅನ್ನುವ ಸಣ್ಣ ಡ್ರಮ್, ಹೊಡೆಯುವಾಗಲೂ ಇದು ಅಡಿಯಲ್ಲಿ ಕೂತಿರುತ್ತದೆ, ಹಾಗಾಗಿ ಸ್ನೇರ್ ಮೊಂಡಾಗಿ ಕೇಳಿಸುತ್ತದೆ. ಪಾಪ, ಬೈಗುಳ ಮಾತ್ರ ಡ್ರಮ್ಮರ್‌ಗೆ. ಈಗ ನನ್ನ ಎಡಗೈ ನೋಡಿ. ಸ್ನೇರ್ ಬರುವ ಕ್ಷಣಕ್ಕೆ ಸರಿಯಾಗಿ ಬೆರಳು ಒತ್ತುವುದನ್ನು ಬಿಟ್ಟಿತು. ತಂತಿಯಿಂದ ಮೇಲೆ ಎದ್ದಿಲ್ಲ, ಫ್ರೆಟ್ಟಿನಿಂದ ಮಾತ್ರ ತಂತಿ ಎದ್ದಿದೆ. ಪೂರ್ತಿ ಎತ್ತಿಬಿಟ್ಟರೆ ಖಾಲಿ ತಂತಿ ಮಾತಾಡಲು ಶುರು ಮಾಡುತ್ತದೆ. ಇನ್ನೊಂದು ತೊಂದರೆ ಇದೆ: ಐದು, ಏಳು, ಹನ್ನೆರಡನೇ ಫ್ರೆಟ್ಟಿನ ಮೇಲೆ ಒಂದೇ ಬೆರಳು ಹಗುರವಾಗಿ ಕೂತರೆ ಹಾರ್ಮೋನಿಕ್, ಅಂದರೆ ಅದೇ ತಂತಿಯ ಮೇಲಿನ ಸಣ್ಣ ಸ್ವರ, ಹುಟ್ಟಿ ಟಿಂಗ್ ಅನ್ನುತ್ತದೆ. ಅದಕ್ಕೆ ಪಕ್ಕದ ಬೆರಳನ್ನೂ ಜೊತೆಗೆ ಮಲಗಿಸಿ. ಎರಡು ಬೆರಳು ಮಲಗಿದರೆ ತಂತಿ ಬಾಯಿ ಮುಚ್ಚುತ್ತದೆ. ಬಲಗೈ ಹೆಬ್ಬೆರಳನ್ನೂ ಖಾಲಿ ಕೂರಿಸಬೇಡಿ. ನೀವು ಡಿ ತಂತಿ ನುಡಿಸುವಾಗ ಅದು ಇ ಮತ್ತು ಎ ಎರಡರ ಮೇಲೂ ಒರಗಿರಲಿ.

ಇದಕ್ಕೆ ಅಭ್ಯಾಸ ಹೇಗೆ? ನಿಮ್ಮಲ್ಲಿ ಯಾರಾದರೂ ಮೃದಂಗವೋ, ಅದರ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕೊನ್ನಕ್ಕೋಲೋ ಕಲಿತಿದ್ದರೆ ಅದನ್ನೇ ಬಳಸಿ. ಕೈಯಲ್ಲಿ ಬೇಸ್ ಇರುವುದರಿಂದ ಆದಿತಾಳವನ್ನು ಕಾಲಲ್ಲಿ ಹಾಕಿ, ಬಾಯಲ್ಲಿ ತಕಧಿಮಿ. ತಾಳದ ಪ್ರತಿ ಎಣಿಕೆಗೆ ಒಂದು ತಕಧಿಮಿ, ಒಂದು ಸ್ವರ. ‘ತಕಧಿ’ ತನಕ ಸ್ವರ ಇರಲಿ, ‘ಮಿ’ ಖಾಲಿ. ಒಂದಷ್ಟು ಆವರ್ತ ಆದ ಮೇಲೆ ‘ತಕ’ ತನಕ ಸ್ವರ, ‘ಧಿಮಿ’ ಖಾಲಿ. ಆಮೇಲೆ ‘ತ’ ಮಾತ್ರ. ಸ್ವರ ಅದೇ, ತಾಳ ಅದೇ, ಉದ್ದ ಮಾತ್ರ ಬೇರೆ. ಮೂರು ಬೇರೆ ಬೇರೆ ಹಾಡು ಕೇಳಿದ ಹಾಗಿರುತ್ತದೆ. ಸುಲಭ ಅಂತ ಅನಿಸಿದರೆ ವೇಗ ಇಳಿಸಿ, ಮೆಟ್ರೋನೋಮ್ 50ಕ್ಕೆ ತನ್ನಿ. ನಿಧಾನದಲ್ಲಿ ಮೋಸ ಮಾಡಲು ಆಗುವುದಿಲ್ಲ.

ಈಗ ಜಗಳಗಳಿಗೆ ಬರೋಣ. ಮೊದಲು ತಂತಿ. ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ತಂದಾಗ ಅದಕ್ಕೆ ಇದ್ದದ್ದು ಫ್ಲಾಟ್‌ವೌಂಡ್, ಅಂದರೆ ಮೇಲ್ಮೈ ನಯವಾಗಿರುವ ತಂತಿ. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಬ್ರಿಡ್ಜ್, ಅಂದರೆ ಬಾಡಿಯ ಕಡೆ ತಂತಿ ಕಟ್ಟುವ ಜಾಗ, ಅದರ ಮೇಲಿನ ಲೋಹದ ಮುಚ್ಚಳದ ಒಳಗೆ ಸ್ಪಂಜಿನ ಪಟ್ಟಿಯೂ ಇರುತ್ತಿತ್ತು, ಸ್ವರ ಬೇಗ ಸಾಯಲಿ ಅಂತ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಗೆ ನುಡಿಸುತ್ತಿದ್ದ ಜೇಮ್ಸ್ ಜೇಮರ್ಸನ್ ಆ ಸ್ಪಂಜು ತೆಗೆಯಲೇ ಇಲ್ಲ, ದಪ್ಪ ಫ್ಲಾಟ್‌ವೌಂಡ್ ತಂತಿಯನ್ನು ಬದಲಾಯಿಸಲೂ ಹೋಗುತ್ತಿರಲಿಲ್ಲ, ಮೀಟುತ್ತಿದ್ದದ್ದು ಬರೀ ತೋರುಬೆರಳಿನಿಂದ. ಕ್ಯಾರಲ್ ಕೇ ಪಿಕ್ ಹಿಡಿದು ನುಡಿಸುತ್ತಿದ್ದರು, ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಫೆಲ್ಟ್ ಬಟ್ಟೆಯ ತುಂಡು ಇಟ್ಟುಕೊಳ್ಳುತ್ತಿದ್ದರು. ಒಬ್ಬರದು ಬೆರಳು, ಒಬ್ಬರದು ಪಿಕ್. ನಾವು ಅರ್ಧ ಶತಮಾನದಿಂದ ಇವರಿಬ್ಬರ ಹೆಸರು ಹೇಳಿಕೊಂಡು ಹೊಡೆದಾಡುತ್ತಿದ್ದೇವೆ. ಇಬ್ಬರೂ ಸ್ವರ ಬೇಗ ನಿಲ್ಲಿಸಲು ಏನೋ ಒಂದು ಸಿಕ್ಕಿಸಿಕೊಂಡಿದ್ದರು ಅನ್ನುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ವಾ?

ಹಾಗಾಗಿ ತಂತಿಗೆ ದುಡ್ಡು ಹಾಕುವ ಮೊದಲು ಪಾತ್ರೆ ತೊಳೆಯುವ ಹೊಸ ಸ್ಪಂಜು ಒಂದು ತನ್ನಿ. ಬೆರಳಗಲದ ಪಟ್ಟಿ ಕತ್ತರಿಸಿ ಬ್ರಿಡ್ಜ್ ಪಕ್ಕದಲ್ಲಿ ತಂತಿಗಳ ಅಡಿ ತೂರಿಸಿ. ಜಾಸ್ತಿ ಒತ್ತಿದರೆ ಶ್ರುತಿ ಏರುತ್ತದೆ, ತಂತಿಗೆ ತಾಗಿದರೆ ಸಾಕು. ಹಳೆಯ ಸಿನಿಮಾ ಹಾಡುಗಳಿಗೆ ಬೇಕಾದ ಟುಬ್ ಟುಬ್ ಅನ್ನುವ ನಾದ ಹತ್ತು ನಿಮಿಷದಲ್ಲಿ ಬರುತ್ತದೆ. ರೌಂಡ್‌ವೌಂಡ್, ಅಂದರೆ ಮೇಲ್ಮೈ ಒರಟಾಗಿರುವ ತಂತಿ ಇಟ್ಟುಕೊಂಡವರಿಗೆ ಹೊಳಪು ಸಿಗುತ್ತದೆ, ಉದ್ದನೆ ಸ್ವರ ಸಿಗುತ್ತದೆ, ಅದರ ಜೊತೆಗೆ ನಿಲ್ಲಿಸುವ ಹೊಣೆಯೂ ಬರುತ್ತದೆ. ಹಳೇ ರೌಂಡ್‌ವೌಂಡ್ ತಂತಿ ಕುದಿಯುವ ನೀರಿಗೆ ಹಾಕಿ ತೆಗೆದರೆ ಹೊಳಪು ಮತ್ತೆ ಬರುತ್ತದೆ ಅನ್ನುತ್ತಾರಲ್ಲ, ನಿಜ, ಬರುತ್ತದೆ. ಜಾಸ್ತಿ ದಿನ ಉಳಿಯುವುದಿಲ್ಲ ಅಷ್ಟೇ. ಅಮ್ಮನ ಸಾರಿನ ಪಾತ್ರೆ ಮಾತ್ರ ತಗೋಬೇಡಿ.

ಐದನೇ ತಂತಿ. ಇ ತಂತಿ 41 ಹರ್ಟ್ಸ್, ಐದನೆಯದಾದ ಬಿ ಸುಮಾರು 31. ಹಾಡುವವರು ಸ್ಟೇಜ್ ಮೇಲೆ ನಿಂತು "ಅಣ್ಣಾ, ಇವತ್ತು ಗಂಟಲು ಸರಿ ಇಲ್ಲ, ಒಂದು ಸ್ವರ ಇಳಿಸಿ" ಅನ್ನುವ ಕಡೆ ನುಡಿಸುವವರಿಗೆ ಅದು ಬೇಕೇ ಬೇಕು. ಉಳಿದವರು ಯೋಚನೆ ಮಾಡಿ. ಸಣ್ಣ ಆಂಪ್‌ಗಳು 31 ಹರ್ಟ್ಸನ್ನು ಸರಿಯಾಗಿ ಹೊರಡಿಸುವುದೇ ಇಲ್ಲ, ಇನ್ನೊಂದು ಕಡೆ ನೀವು ಬೇರೆ ತಂತಿ ನುಡಿಸುವಾಗ ಆ ಬಿ ತಾನಾಗಿ ಮಿಡಿಯುತ್ತಾ ಅಡಿಯಲ್ಲಿ ಕೆಸರು ಮಾಡುತ್ತದೆ. ಐದು ತಂತಿಯ ಬೇಸ್ ಕೊಂಡವರು ಮೊದಲ ತಿಂಗಳು ಬಿ ನುಡಿಸುವುದಕ್ಕಿಂತ ಅದನ್ನು ಸುಮ್ಮನಿರಿಸುವುದನ್ನು ಕಲಿಯಲಿ.

ಮರದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಡ್ರಮ್ಸ್ ಶುರುವಾದ ಮೇಲೆ ಹತ್ತು ಅಡಿ ದೂರದಲ್ಲಿ ಕಣ್ಣು ಮುಚ್ಚಿ ನಿಂತು ಮರ ಯಾವುದು ಅಂತ ಹೇಳುವವರು ಸಿಕ್ಕಿದರೆ ಕರೆದುಕೊಂಡು ಬನ್ನಿ. ಪ್ರೆಸಿಷನ್ನೋ ಜಾಝೋ ಅನ್ನುವುದಕ್ಕೆ ಕರೆಂಟಿನ ಮಾತು ಬಂದಾಗ ಉತ್ತರ ಇದೆ. ಫ್ರೆಟ್‌ಲೆಸ್, ಅಂದರೆ ಫ್ರೆಟ್ ಇಲ್ಲದ ಬೇಸ್ ಬಗ್ಗೆ ನಮ್ಮೂರಿನಲ್ಲಿ ಒಂದು ಆಸೆ ಇದೆ, ಗಮಕ ಬರುತ್ತದೆ ಅಂತ. ಜಾಕೋ ಪಾಸ್ಟೋರಿಯಸ್ ತಮ್ಮ ಜಾಝ್ ಬೇಸ್‌ನ ಫ್ರೆಟ್ ಕಿತ್ತು, ಮೇಲೆ ಎಪಾಕ್ಸಿ ಬಳಿದು ನುಡಿಸಿದ್ದನ್ನು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ತಗೊಳ್ಳಿ. ಆದರೆ ಶ್ರುತಿ ಕಿವಿಯಲ್ಲಿ ಕೂತ ಮೇಲೆ ತಗೊಳ್ಳಿ. ಪಕ್ಕದಲ್ಲಿ ಕೀಬೋರ್ಡ್ ಇದ್ದರೆ ಕೂದಲೆಳೆಯಷ್ಟು ತಪ್ಪಿದರೂ ಹಲ್ಲು ಜುಮ್ ಅನ್ನುತ್ತದೆ.

ಇನ್ನು ಕೋಣೆ. ಇದಕ್ಕೆ ಸ್ವಲ್ಪ ಹೊತ್ತು ಕೊಡಿ, ಯಾಕೆಂದರೆ ನೀವು ಬೆರಳಲ್ಲಿ ಸ್ವರ ನಿಲ್ಲಿಸಿದರೂ ಕೋಣೆ ನಿಲ್ಲಿಸದೆ ಇರಬಹುದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಖಾಲಿ ಇ ತಂತಿಯ ಒಂದು ಅಲೆ ಎಂಟು ಮೀಟರಿಗೂ ಉದ್ದ, ಅಂದರೆ 27 ಅಡಿ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ನಾವು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವ ಜ್ಯಾಮ್ ರೂಮ್ ಎಷ್ಟು ದೊಡ್ಡದು? ಹತ್ತು ಬೈ ಹನ್ನೆರಡು ಅಂತ ಇಟ್ಟುಕೊಳ್ಳಿ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಸ್ವರ ಆ ಕೋಣೆಯಲ್ಲಿ ಊದಿಕೊಳ್ಳುತ್ತದೆ. ಹನ್ನೆರಡು ಅಡಿಗೆ ಅದು ಸುಮಾರು 47 ಹರ್ಟ್ಸ್, ಇ ತಂತಿಯ ಎರಡನೇ ಫ್ರೆಟ್ಟಿನ ಆಸುಪಾಸು. ಹತ್ತು ಅಡಿಗೆ ಸುಮಾರು 56, ಹೆಚ್ಚುಕಡಿಮೆ ಖಾಲಿ ಎ ತಂತಿ. ಆ ಎರಡು ಸ್ವರ ಬಂದಾಗಲೆಲ್ಲ ಕಿಟಕಿ ಗಾಜು ನಡುಗುತ್ತದೆ, ಪಕ್ಕದ ಸ್ವರ ಮಾಯ. ನುಡಿಸುವವರು ತಮ್ಮ ಬೇಸ್ ಸರಿಯಿಲ್ಲ ಅಂದುಕೊಂಡು ಹೊಸ ಪಿಕಪ್, ಅಂದರೆ ತಂತಿಯ ಮಿಡಿತ ಹಿಡಿದು ಆಂಪ್‌ಗೆ ಕಳಿಸುವ ಭಾಗ, ಹುಡುಕಲು ಹೊರಡುತ್ತಾರೆ. ಮೊದಲು ಆಂಪನ್ನು ಮೂಲೆಯಿಂದ ಈಚೆ ಎಳೆಯಿರಿ. ಮೂಲೆ ಅಂದರೆ ಬೇಸ್‌ಗೆ ಇನ್ನೊಂದು ಆಂಪ್ ಇದ್ದ ಹಾಗೆ. ಆಮೇಲೆ ಆಂಪಿನ ಲೋ ಗುಂಡಿಯನ್ನು ಸ್ವಲ್ಪ ಇಳಿಸಿ, ನಡುವಿನ ನಾದದ ಮಿಡ್ ಗುಂಡಿ ಏರಿಸಿ. ಒಬ್ಬರೇ ನುಡಿಸುವಾಗ ಕೆಟ್ಟದಾಗಿ ಕೇಳಿಸುತ್ತದೆ. ಬ್ಯಾಂಡ್ ಜೊತೆ ಆ ಮಿಡ್ ಇದ್ದರೇ ನೀವು ಏನು ನುಡಿಸಿದಿರಿ ಅಂತ ಜನಕ್ಕೆ ಗೊತ್ತಾಗುವುದು.

ಇದೇ ಕಾರಣಕ್ಕೆ ಫೋನಿನಲ್ಲಿ ಹಾಡು ಹಾಕಿ ಬೇಸ್ ಕಲಿಯಲು ಹೋಗಬೇಡಿ. ಆ ಪುಟ್ಟ ಸ್ಪೀಕರ್ 41 ಹರ್ಟ್ಸ್ ಹೊರಡಿಸುವುದಿಲ್ಲ, ಮೇಲಿನ ಹಾರ್ಮೋನಿಕ್‌ಗಳನ್ನು ಕೇಳಿ ಕೆಳಗಿನದನ್ನು ನಮ್ಮ ತಲೆಯೇ ಊಹಿಸಿಕೊಳ್ಳುತ್ತದೆ. ಸ್ವರ ಎಲ್ಲಿ ನಿಂತಿತು ಅನ್ನುವುದು ಅಲ್ಲಿ ಸಿಗುವುದೇ ಇಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು 1981ರ ‘ಗೀತಾ’ ಸಿನಿಮಾದ ಹಾಡುಗಳನ್ನು ಒಮ್ಮೆ ಕೇಳಿ. ಇಳಯರಾಜ ಬೇಸ್‌ಗೆ ಎಷ್ಟು ಜಾಗ ಬಿಡುತ್ತಾರೆ, ಮತ್ತೆ ಎಲ್ಲೆಲ್ಲಿ ಸುಮ್ಮನಿರಿಸುತ್ತಾರೆ ಅಂತ ಗಮನಿಸಿ. ಶಂಕರ್ ನಾಗ್ ಅಭಿಮಾನಿಗಳಿಗೆ ಹೇಗೂ ಬಾಯಿಪಾಠ ಇರುತ್ತದೆ, ಈ ಸಲ ಹಾಡುವವರನ್ನು ಬಿಟ್ಟು ಅಡಿಯಲ್ಲಿ ಹೋಗುವುದನ್ನು ಹಿಡಿಯಿರಿ.

ಕರೆಂಟ್. ನಮ್ಮ ಲೈನಿನದು 50 ಹರ್ಟ್ಸ್. ಆಗ ನುಡಿಸಿದೆನಲ್ಲ, ಇ ತಂತಿಯ ಮೂರನೇ ಫ್ರೆಟ್ಟಿನ ಜಿ, ಅದು 49. ಅಂದರೆ ಅರ್ಥಿಂಗ್ ಕೆಟ್ಟ ಮನೆಯಲ್ಲಿ ನಿಮ್ಮ ಆಂಪ್ ಇಡೀ ದಿನ ಸ್ವಲ್ಪ ಅಪಶ್ರುತಿಯ ಜಿ ನುಡಿಸುತ್ತಾ ಕೂತಿರುತ್ತದೆ, ನೀವು ನಿಲ್ಲಿಸಿದರೂ ಅದು ನಿಲ್ಲಿಸುವುದಿಲ್ಲ. ಪ್ರೆಸಿಷನ್‌ಗೆ 1957ರಿಂದ ಎರಡು ತುಂಡಿನ ಪಿಕಪ್ ಇದೆ, ಅದು ಈ ಹಮ್ ಅನ್ನು, ಅಂದರೆ ಕರೆಂಟಿನ ಗುಂಯ್ ಸದ್ದನ್ನು ತಾನೇ ಕಳೆದುಹಾಕುತ್ತದೆ. ಜಾಝ್‌ನಲ್ಲಿ ಎರಡೂ ಪಿಕಪ್ ಪೂರ್ತಿ ಏರಿಸಿದಾಗ ಮಾತ್ರ ಸಾಮಾನ್ಯವಾಗಿ ಸುಮ್ಮನಾಗುತ್ತದೆ, ಒಂದನ್ನು ಇಳಿಸಿದರೆ ಮತ್ತೆ ಶುರು. ಮನೆಯಲ್ಲಿ ಹಳೆಯ ಇನ್ವರ್ಟರ್ ಇದ್ದರೆ ಕರೆಂಟ್ ಹೋದಾಗ ಇನ್ನೂ ಜೋರು. ಪ್ರೆಸಿಷನ್ನೋ ಜಾಝೋ ಅಂತ ಕೇಳುವವರಿಗೆ ನಾನು ಮೊದಲು ನಿಮ್ಮ ಮನೆಯ ವೈರಿಂಗ್ ಹೇಗಿದೆ ಅಂತಲೇ ಕೇಳುವುದು.

ತಮಾಷೆ ಬಿಟ್ಟು ಒಂದು ಮಾತು. ಹಮ್ ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಕೀಳುವವರಿದ್ದಾರೆ. ದಯವಿಟ್ಟು ಬೇಡ. ಗಣೇಶನ ಪೆಂಡಾಲಿನಲ್ಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಜನರೇಟರ್ ಒಂದು ಕಡೆ, ಲೈಟಿನ ಲೈನ್ ಒಂದು ಕಡೆ, ನೆಲ ಮಳೆಗೆ ಒದ್ದೆ. ನಿಮ್ಮ ಕೈ ತಂತಿ ಮೇಲೆ, ತುಟಿ ಮೈಕಿಗೆ. ಎರಡರ ನಡುವೆ ಕರೆಂಟ್ ಹರಿದರೆ ಜೀವವೇ ಹೋಗಬಹುದು. ಮೈಕ್ ಮುಟ್ಟಿದಾಗ ಸಣ್ಣದಾಗಿ ಜುಮ್ ಅಂದರೂ ನುಡಿಸುವುದನ್ನು ನಿಲ್ಲಿಸಿ, ಸೌಂಡಿನವರನ್ನು ಕರೆದು ಸರಿ ಮಾಡಿಸಿ. ಜನ ಕಾಯಲಿ.

ಆರ್ಕೆಸ್ಟ್ರಾ ಅಂದಾಗ ಇನ್ನೊಂದು. ಈಗ ಎಷ್ಟೋ ಕಡೆ ಬೇಸ್‌ನವರನ್ನು ಕರೆಯುವುದೇ ಇಲ್ಲ, ಕೀಬೋರ್ಡಿನ ಎಡಗೈ ಸಾಕು ಅಥವಾ ಟ್ರ್ಯಾಕ್ ಓಡುತ್ತದೆ. ದುಡ್ಡಿನ ಲೆಕ್ಕ, ತಪ್ಪು ಹೇಳಲಾರೆ. ಆದರೆ ಟ್ರ್ಯಾಕಿಗೆ ಹಾಡುವವರು ಪಲ್ಲವಿ ಎಳೆದದ್ದು ಗೊತ್ತಾಗುವುದಿಲ್ಲ. ಅವರು ಉಸಿರು ತೆಗೆದುಕೊಳ್ಳುವಾಗ ಸ್ವರ ಮೊಟಕು ಮಾಡುವುದು, ಎಳೆದಾಗ ಜೊತೆಗೆ ಎಳೆಯುವುದು, ಇದನ್ನು ಮಾಡಬಲ್ಲ ಬೇಸ್‌ನವರನ್ನು ಹಾಡುವವರೇ ಹೆಸರು ಹಿಡಿದು ಕೇಳುತ್ತಾರೆ. ಕೆಲಸ ಸಿಗುವ ದಾರಿ ಅದೇ. ಸ್ಲ್ಯಾಪ್ ಸೋಲೋ ನೋಡಿ ಯಾರೂ ಮದುವೆ ಆರತಕ್ಷತೆಗೆ ಕರೆಯುವುದಿಲ್ಲ.

ಕೊನೆಗೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ, ಯಾಕೆಂದರೆ ಬರುವ ಮುಂಚೆಯೇ ಇಬ್ಬರು ಇದನ್ನೇ ಕೇಳಿದರು. ಇ ತಂತಿಯನ್ನು ಮೊದಲನೇ ಫ್ರೆಟ್ಟಿನಲ್ಲಿ ಒಂದು ಕೈ, ಕೊನೆಯ ಫ್ರೆಟ್ಟಿನಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಜೊತೆಗೆ ಬಂದವರಿಗೆ ಏಳನೇ ಫ್ರೆಟ್ ಹತ್ತಿರ ತಂತಿಯ ಅಡಿ ಒಂದು ವಿಸಿಟಿಂಗ್ ಕಾರ್ಡ್ ತೂರಿಸಲು ಹೇಳಿ. ಕಾರ್ಡ್ ತಂತಿಯನ್ನು ಎತ್ತದೆ ಹಾಗೇ ಹಿಡಿಸಿದರೆ ನೆಕ್ ಚೆನ್ನಾಗಿದೆ. ಎರಡು ಮೂರು ಕಾರ್ಡ್ ಹಿಡಿಸುವಷ್ಟು ಬಾಗಿದ್ದರೆ ಟ್ರಸ್ ರಾಡ್, ಅಂದರೆ ನೆಕ್ ಬಾಗು ಸರಿಮಾಡುವ ಒಳಗಿನ ಲೋಹದ ಸರಳು, ತಿರುಗುತ್ತದೋ ಇಲ್ಲವೋ ನೋಡದೆ ದುಡ್ಡು ಕೊಡಬೇಡಿ. ತಿರುಗಿಸುವಾಗ ಒಂದು ಸಲಕ್ಕೆ ಕಾಲು ಸುತ್ತು, ಆಮೇಲೆ ಒಂದು ರಾತ್ರಿ ಬಿಡಿ. ಮಾರ್ಚಿನ ಒಣ ಹವೆಯಲ್ಲಿ ಸರಿ ಮಾಡಿದ ನೆಕ್ ಜುಲೈ ಮಳೆಗೆ ಮತ್ತೆ ಜರುಗುತ್ತದೆ, ಗಾಬರಿ ಬೇಡ. ಆಮೇಲೆ ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ, ಒಂದೊಂದೇ ಸ್ವರ ಸಾಯುವ ತನಕ ಕೇಳಿ. ಮಾರುವವರಿಗೆ ಬೇಜಾರಾದರೂ ಪರವಾಗಿಲ್ಲ. ಎಲ್ಲೋ ಒಂದು ಸ್ವರ ಉಳಿದವುಗಳಿಗಿಂತ ಬೇಗ ಸಾಯಬಹುದು, ಹೆಚ್ಚಾಗಿ ಜಿ ತಂತಿಯ ಐದನೇ ಫ್ರೆಟ್ ಆಸುಪಾಸು. ಬೋಲ್ಟ್ ಹಾಕಿದ ನೆಕ್ ಇರುವ ಎಷ್ಟೋ ಬೇಸ್‌ಗಳಲ್ಲಿ ಇದು ಇರುತ್ತದೆ, ಅದಕ್ಕಾಗಿ ಒಳ್ಳೆ ಬೇಸ್ ಬಿಡಬೇಡಿ, ಬೆಲೆ ಸ್ವಲ್ಪ ಇಳಿಸಿ ಕೇಳಿ.

ಪ್ರಶ್ನೆಗಳನ್ನು ನುಡಿಸುತ್ತಲೇ ಮಾತಾಡೋಣ. ಆಂಪ್ ಆನ್ ಇದೆ, ಮೂಲೆಯಿಂದ ಈಚೆ ಎಳೆದಿದ್ದೇನೆ. ಡ್ರಮ್ಸ್‌ಗೆ ಒಬ್ಬರು ಬೇಕು, ಹಿಂದಿನ ಸಾಲಿನಲ್ಲಿ ತೊಡೆ ಮೇಲೆ ತಟ್ಟುತ್ತಾ ಕೂತಿದ್ದೀರಲ್ಲ, ನೀವೇ ಬನ್ನಿ. ಬೇಸ್‌ಗೆ ಮೊದಲು ಯಾರು?